ಗಾಲ್ಫ್ ಆಡುವವರಿಗೆ ಗಿಫ್ಟ್ ಕೊಡೋ ಮುಂಚೆ ಅವರ ಬ್ಯಾಗ್ ಬಿಚ್ಚಿ ನೋಡಿ

ನಮ್ಮ ಮಾವ ರಿಟೈರ್ ಆದ ಮೇಲೆ ವಾರಕ್ಕೆ ಮೂರು ದಿನ ಬೆಳಗ್ಗೆ ಆರೂವರೆಗೆಲ್ಲ ಮೈಸೂರಿನ ಗಾಲ್ಫ್ ಕೋರ್ಸಿನಲ್ಲಿರುತ್ತಾರೆ. ನಾನು ಮದುವೆಯಾಗಿ ಬಂದ ಮೊದಲ ವರ್ಷ ಅವರ ಹುಟ್ಟುಹಬ್ಬಕ್ಕೆ ಒಂದು ಗ್ಲೌಸ್ ತಂದುಕೊಟ್ಟೆ. ಚರ್ಮದ್ದು, 900 ರೂಪಾಯಿ. ಬಾಕ್ಸ್ ತೆಗೆದು ನೋಡಿ "ಚೆನ್ನಾಗಿದೆ ಕಣಮ್ಮಾ" ಅಂದರು. ಆದರೆ ಒಂದು ದಿನವೂ ಹಾಕಿಕೊಂಡಿದ್ದು ಕಾಣಲಿಲ್ಲ. ಆರು ತಿಂಗಳಾದ ಮೇಲೆ ಅತ್ತೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು, ಅದು ಬಲಗೈದಂತೆ.

ಬಲಗೈಲಿ ಆಡೋರು ಗ್ಲೌಸ್ ಹಾಕೋದು ಎಡಗೈಗೆ. ಅದೂ ಒಂದೇ ಕೈಗೆ. ನನಗೇನು ಗೊತ್ತು? ಕ್ರಿಕೆಟ್ ಥರ ಜೋಡಿ ಬರುತ್ತೆ ಅಂದ್ಕೊಂಡಿದ್ದೆ, ಬಾಕ್ಸಿನಲ್ಲಿ ಒಂದೇ ಇದ್ದದ್ದು ನೋಡಿ ಅಂಗಡಿಯವನು ಮೋಸ ಮಾಡಿದ ಅಂತ ಜಗಳ ಆಡೋದೊಂದೇ ಬಾಕಿ.

ಅಲ್ಲಿಂದ ಇಲ್ಲಿಗೆ ಒಂಬತ್ತು ವರ್ಷ. ಈಗ ನಾನೂ ಅಲ್ಪಸ್ವಲ್ಪ ಆಡುತ್ತೇನೆ. ದೀಪಾವಳಿ ಬಂದರೆ ಸಾಕು, ಗೆಳತಿಯರೆಲ್ಲ "ನಮ್ಮೆಜಮಾನರಿಗೆ ಏನು ತಗೊಳ್ಳಲಿ, ನಮ್ಮಪ್ಪನಿಗೆ ಏನು ಕೊಡಲಿ" ಅಂತ ಫೋನ್ ಮಾಡ್ತಾರೆ. ಎಲ್ಲರಿಗೂ ನಾನು ಮೊದಲು ಹೇಳೋದು ಒಂದೇ ಮಾತು: ಅಂಗಡಿಗೆ ಹೋಗೋ ಮುಂಚೆ ಅವರ ಬ್ಯಾಗ್ ಬಿಚ್ಚಿ ನೋಡಿ.

ಸುಮ್ನೆ ಹೇಳ್ತಿಲ್ಲ. ಮಾವನ ಬ್ಯಾಗನ್ನು ನಾನು ಮೊದಲ ಸಲ ಬಿಚ್ಚಿದ್ದು ಅವರು ಮಧ್ಯಾಹ್ನ ಮಲಗಿದ್ದಾಗ. ಒಂದು ಜೇಬಿನಲ್ಲಿ ಮುರಿದ ಟೀಗಳು (ಬಾಲ್ ಇಟ್ಟು ಹೊಡೆಯೋಕೆ ನೆಲಕ್ಕೆ ಚುಚ್ಚೋ ಕಡ್ಡಿ), ಅರ್ಧ ತಿಂದ ಕಡಲೆಮಿಠಾಯಿ, ಮುದುಡಿ ಹಪ್ಪಳದ ಹಾಗೆ ಗಟ್ಟಿಯಾಗಿದ್ದ ಹಳೇ ಗ್ಲೌಸ್. ಇನ್ನೊಂದರಲ್ಲಿ ಹನ್ನೊಂದು ಬಾಲ್, ಒಂಬತ್ತು ಒಂದೇ ಕಂಪನಿಯವು, ಎಲ್ಲದರ ಮೇಲೂ ಕೆಂಪು ಸ್ಕೆಚ್ ಪೆನ್ನಿನಲ್ಲಿ ಎರಡು ಚುಕ್ಕಿ. ಚಿಕ್ಕ ಜೇಬಿನಲ್ಲಿ ಒಂದು ಹಳೇ ರೂಪಾಯಿ ನಾಣ್ಯ, ಗ್ರೀನ್ ಮೇಲೆ, ಅಂದರೆ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಬಾಲ್ ಎತ್ತುವಾಗ ಗುರುತಿಗೆ ಇಡೋಕೆ. ಐದು ನಿಮಿಷ ಸಾಕಾಯಿತು. ಯಾವ ಬಾಲ್ ಆಡ್ತಾರೆ, ಗ್ಲೌಸ್ ಸೈಜ್ ಏನು, ಯಾವುದು ಖಾಲಿಯಾಗ್ತಾ ಬಂದಿದೆ, ಎಲ್ಲ ಗೊತ್ತಾಯಿತು.

ಗ್ಲೌಸಿಂದಲೇ ಶುರು ಮಾಡೋಣ, ಏಟು ತಿಂದಿದ್ದು ಅಲ್ಲೇ ಅಲ್ವಾ. ಹಳೇ ಗ್ಲೌಸಿನ ಒಳಗಡೆ ಚೀಟಿಯಲ್ಲಿ ಸೈಜ್ ಇರುತ್ತೆ. ಯಾವ ಕೈದು ಅಂತ ಅದನ್ನೇ ನೋಡಿ ತಿಳ್ಕೊಳ್ಳಿ, ಬರೆಯೋ ಕೈ ನೋಡಿ ತೀರ್ಮಾನಿಸಬೇಡಿ. ಬಲಗೈಲಿ ಬರೆದು ಎಡಗೈ ಬ್ಯಾಟಿಂಗ್ ಮಾಡೋ ಕ್ರಿಕೆಟಿಗರು ಎಷ್ಟು ಜನ ಇಲ್ಲ, ಇಲ್ಲೂ ಹಾಗೇ. ಸೈಜಿನ ಪಕ್ಕ ಕ್ಯಾಡೆಟ್ ಅಂತ ಇದ್ದರೆ ಅದು ಅಂಗೈ ಅಗಲ, ಬೆರಳು ಗಿಡ್ಡ ಇರೋರಿಗೆ ಮಾಡಿದ್ದು. ಆ ಒಂದು ಪದ ಬಿಟ್ಟು ತಗೊಂಡರೆ ಬೆರಳ ತುದಿಯಲ್ಲಿ ಚರ್ಮ ಜೋತುಬೀಳುತ್ತೆ. ನಮ್ಮ ಸೆಕೆಗೆ, ಬೆವರಿಗೆ ತೆಳು ಚರ್ಮದ ಗ್ಲೌಸ್ ಬೇಗ ಗಟ್ಟಿಯಾಗುತ್ತೆ. ಹಾಗಾಗಿ ದುಬಾರಿಯದು ಒಂದು ಕೊಡೋ ಬದಲು ಸಾಧಾರಣದ್ದು ಮೂರು ಕೊಡಿ, ಬದಲಾಯಿಸಿ ಬದಲಾಯಿಸಿ ಹಾಕಿಕೊಳ್ತಾರೆ. ಮಳೆಗಾಲಕ್ಕೆ ಬೇರೆ ಥರದ ಗ್ಲೌಸ್ ಬರುತ್ತೆ, ಒದ್ದೆಯಾದಷ್ಟೂ ಹಿಡಿತ ಬಿಗಿ. ಅದು ಎರಡೂ ಕೈಗೆ ಜೋಡಿಯಾಗಿ ಸಿಗುತ್ತೆ. ಜೂನ್ ತಿಂಗಳಲ್ಲಿ ಹುಟ್ಟುಹಬ್ಬ ಇರೋರಿಗೆ ಇದಕ್ಕಿಂತ ಒಳ್ಳೆ ಗಿಫ್ಟ್ ಇಲ್ಲ.

ಇನ್ನು ಬಾಲ್. ಬಾಲ್ ಕೊಟ್ಟರೆ ಬೇಡ ಅನ್ನೋ ಗಾಲ್ಫರನ್ನು ನಾನಿನ್ನೂ ನೋಡಿಲ್ಲ, ಯಾಕಂದರೆ ದಿನಾ ಒಂದೆರಡು ಪೊದೆಗೋ ನೀರಿಗೋ ಹೋಗಿಯೇ ಹೋಗುತ್ತೆ. ಕಳೆದ ಬಾಲ್ ಹುಡುಕೋಕೆ ಮೊದಲು ಐದು ನಿಮಿಷ ಇತ್ತು, 2019ರಿಂದ ಅದನ್ನು ಮೂರಕ್ಕೆ ಇಳಿಸಿದ್ದಾರೆ. ಹಾಗಾಗಿ ಇನ್ನೂ ಬೇಗ ಖಾಲಿ. ಆದರೆ ಬಾಲ್ ಅಂದರೆ ಎಲ್ಲ ಒಂದೇ ಅಲ್ಲ. ಅಳತೆಗೇನೋ ನಿಯಮ ಇದೆ, ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ವ್ಯತ್ಯಾಸ ಇರೋದು ಮೇಲಿನ ಸಿಪ್ಪೆಯಲ್ಲಿ. ಒಂದು ಥರದ್ದು ಗಟ್ಟಿ ಸಿಪ್ಪೆ, ಎರಡೇ ಪದರ, ಅಗ್ಗ, ಗೀರು ಬೀಳೋದು ಕಡಿಮೆ, ನೇರ ಹೋಗುತ್ತೆ. ಇನ್ನೊಂದು ಯುರಿಥೇನ್ ಅನ್ನೋ ಮೆತ್ತಗಿನ ಸಿಪ್ಪೆ, ಮೂರು ನಾಲ್ಕು ಪದರ, ಗ್ರೀನ್ ಹತ್ತಿರ ಮೆಲ್ಲಗೆ ಹೊಡೆದಾಗ ಸುತ್ತಿ ಸುತ್ತಿ ಬೇಗ ನಿಲ್ಲುತ್ತೆ. ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಈ ಜಾತಿಯದು, ಡಜನ್ನಿಗೆ ಗಟ್ಟಿ ಸಿಪ್ಪೆಯದರ ಎರಡರಷ್ಟೋ ಇನ್ನೂ ಜಾಸ್ತಿಯೋ ಆಗುತ್ತೆ. ಹೊಸದಾಗಿ ಕಲಿಯೋರಿಗೆ ಇದನ್ನು ಕೊಟ್ಟರೆ ಪಾಪ, ಕಳೆದುಹೋದೀತು ಅಂತ ಹೆದರಿ ಹೆದರಿ ಹೊಡೀತಾರೆ. ಚೆನ್ನಾಗಿ ಆಡೋರಿಗೆ ಗಟ್ಟಿಯದನ್ನು ಕೊಟ್ಟರೆ ಮೊಮ್ಮಕ್ಕಳಿಗೆ ಆಡೋಕೆ ಕೊಡ್ತಾರೆ. ಬ್ಯಾಗಿನಲ್ಲಿ ಯಾವುದು ಜಾಸ್ತಿ ಇದೆಯೋ ಅದೇ ಹೆಸರು, ಅದೇ ಮಾಡೆಲ್ ತಗೊಳ್ಳಿ. ಇಲ್ಲಿ ಜಾಣತನ ಬೇಡ.

ಆದರೆ ಬ್ಯಾಗ್ ನೋಡಿದರೂ ಗೊತ್ತಾಗದ ವಿಷಯ ಇರುತ್ತೆ, ಅದು ಗೊತ್ತಿರೋದು ಬ್ಯಾಗ್ ಹೊತ್ತು ಜೊತೆಗೆ ಬರೋ ಕ್ಯಾಡಿಗೆ. ನಾಲ್ಕು ಗಂಟೆ ಪಕ್ಕದಲ್ಲೇ ನಡೆಯೋ ಮನುಷ್ಯ ಅವರು, ಅವರ ಕಣ್ಣಿಗೆ ಕಾಣದ್ದೇನಿದೆ? ಒಂದು ಸಲ ಮಾವನನ್ನು ಕರಕೊಂಡು ಬರೋಕೆ ಹೋದಾಗ ಪಾರ್ಕಿಂಗಿನಲ್ಲಿ ಅವರ ಕ್ಯಾಡಿಯನ್ನು ಕೇಳಿದೆ, ಸಾಹೇಬರಿಗೆ ಏನು ತಂದರೆ ಉಪಯೋಗ ಆಗುತ್ತೆ ಅಂತ. ಅವರು ಆಚೆ ಈಚೆ ನೋಡಿ ಹೇಳಿದರು: "ಮೇಡಂ, ಸಾಹೇಬ್ರಿಗೆ ಬಿಳಿ ಬಾಲ್ ಸರಿಯಾಗಿ ಕಾಣ್ಸಲ್ಲ, ಹೇಳ್ಕೊಳಲ್ಲ ಅಷ್ಟೇ. ಹಳದಿದು ತಂದ್ಬಿಡಿ." ಅದೇ ಮಾಡೆಲ್ಲು, ಹಳದಿ ಬಣ್ಣದ್ದು, ಎರಡು ಡಜನ್ ತಂದೆ. "ಇದೇನಮ್ಮಾ ನಿಂಬೆಹಣ್ಣು" ಅಂತ ನಕ್ಕರು. ಮೂರು ವರ್ಷ ಆಯಿತು, ಈಗ ಬಿಳಿ ಮುಟ್ಟಲ್ಲ. ನಾನು ಕೊಟ್ಟಿದ್ದರಲ್ಲಿ ಇಷ್ಟು ಸರಿಯಾಗಿ ಕೂತಿದ್ದು ಬೇರೊಂದಿಲ್ಲ, ಅದರ ಐಡಿಯಾ ನನ್ನದಲ್ಲ.

ಈಗ ದೊಡ್ಡ ವಿಷಯಕ್ಕೆ ಬರ್ತೀನಿ. ಕ್ಲಬ್. ಬಾಲ್ ಹೊಡೆಯೋ ಕೋಲಿಗೆ ಹಾಗಂತಾರೆ. ದಯವಿಟ್ಟು ಸರ್‌ಪ್ರೈಸ್ ಅಂತ ಕ್ಲಬ್ ತಗೋಬೇಡಿ. ಡ್ರೈವರ್, ಅಂದರೆ ದೂರ ಹೊಡೆಯೋ ಕ್ಲಬ್, ನೋಡೋಕೆ ಚೆಂದ, ಫಳಫಳ ಹೊಳೆಯುತ್ತೆ, ಜಾಹೀರಾತಿನಲ್ಲಿ ಇಪ್ಪತ್ತು ಗಜ ಜಾಸ್ತಿ ಹೋಗುತ್ತೆ ಅಂತಾರೆ. ಕೊಟ್ಟವರಿಗೆ ಖರ್ಚು, ತಗೊಂಡವರಿಗೆ ಸಂಕಟ. ಬ್ಯಾಗಿನಲ್ಲಿ 14 ಕ್ಲಬ್ಬಿಗಿಂತ ಜಾಸ್ತಿ ಇಟ್ಟುಕೊಂಡು ಆಡೋ ಹಾಗಿಲ್ಲ, ಅದು ನಿಯಮ. ನೀವು ಒಂದು ಕೊಟ್ಟರೆ ಅವರು ಒಂದು ತೆಗೆಯಬೇಕು. ಇಪ್ಪತ್ತು ವರ್ಷದಿಂದ ಕೈಗೆ ಒಗ್ಗಿದ್ದನ್ನು ತೆಗೀತಾರಾ?

ಕ್ಲಬ್ ಅನ್ನೋದು ಕನ್ನಡಕದ ಥರ. ನಂಬರ್ ನೋಡದೆ ಫ್ರೇಮ್ ಚೆಂದ ಇದೆ ಅಂತ ತರೋಕಾಗಲ್ಲ. ಉದ್ದ ಎಷ್ಟು, ದಂಡ ಎಷ್ಟು ಬಳುಕಬೇಕು, ತಲೆ ನೆಲಕ್ಕೆ ಯಾವ ಕೋನದಲ್ಲಿ ಕೂರಬೇಕು, ಹಿಡಿ ಎಷ್ಟು ದಪ್ಪ, ಇಷ್ಟೂ ಆಯಾ ಮನುಷ್ಯನಿಗೆ ತಕ್ಕಂತೆ ಇರಬೇಕು. ಹೊಸ ಕ್ಲಬ್ ಕೊಡಲೇಬೇಕು ಅಂತಿದ್ದರೆ ಫಿಟ್ಟಿಂಗ್ ಮಾಡಿಸಿ, ಅದಕ್ಕೆ ದುಡ್ಡು ಕೊಡಿ.

ಮಾವನನ್ನು ಬೆಂಗಳೂರಿಗೆ ಕರಕೊಂಡು ಹೋಗಿ ಮಾಡಿಸಿದ್ದೆ. ಅಲ್ಲಿದ್ದ ಹುಡುಗ ಮೊದಲು ಎತ್ತರ ಅಳೆದ, ಆಮೇಲೆ ಸುಮ್ಮನೆ ಕೈ ಇಳಿಬಿಟ್ಟು ನಿಲ್ಲಿಸಿ ಮಣಿಕಟ್ಟಿನಿಂದ ನೆಲಕ್ಕೆ ಟೇಪ್ ಹಿಡಿದ. ನಮ್ಮ ಟೈಲರ್ ಪ್ಯಾಂಟಿಗೆ ಅಳತೆ ತಗೊಂಡ ಹಾಗೇ. ಆಮೇಲೆ ಕ್ಲಬ್ಬಿನ ಮುಖಕ್ಕೆ ಒಂದು ಸ್ಟಿಕ್ಕರ್ ಅಂಟಿಸಿ ಹತ್ತು ಬಾಲ್ ಹೊಡೆಸಿದ. ಬಾಲ್ ತಾಗಿದ ಕಡೆಯೆಲ್ಲ ಕಲೆ ಬೀಳುತ್ತೆ. ನಡುವಿನಲ್ಲಿರಬೇಕಾದ ಕಲೆ ಎಲ್ಲ ಹಿಮ್ಮಡಿಯ ಕಡೆ, ಅಂದರೆ ದಂಡ ಕೂಡೋ ಕಡೆ, ಗುಂಪಾಗಿದ್ದವು, ದೋಸೆ ಹೆಂಚಿನಲ್ಲಿ ಎಣ್ಣೆ ಒಂದು ಕಡೆಗೇ ಜಾರಿದ ಹಾಗೆ. ಕಂಪ್ಯೂಟರ್ ಪರದೆಯಲ್ಲಿ ಬೀಸಿನ ವೇಗ ಗಂಟೆಗೆ 76 ಮೈಲಿ. ಮಾವ ಅಲ್ಲೀತನಕ ಆಡ್ತಿದ್ದದ್ದು ಸ್ಟಿಫ್ ಅನ್ನೋ ಗಟ್ಟಿ ದಂಡ, ಚಿಕ್ಕ ವಯಸ್ಸಿನಲ್ಲಿ ತಗೊಂಡಿದ್ದು. ಗಂಟೆಗೆ 95 ಮೈಲಿ, ಅದಕ್ಕೂ ಜಾಸ್ತಿ ಬೀಸೋರಿಗೆ ಅದು. ಹುಡುಗ ಸೀನಿಯರ್ ಅಂತ ಬರೆದಿರೋ ಮೆತ್ತಗಿನ ದಂಡ ಕೈಗೆ ಕೊಟ್ಟ. ಮಾವನಿಗೆ ಮುಖ ಸಪ್ಪೆಯಾಯಿತು. "ನಾನು ಅಷ್ಟು ಮುದುಕನಾದ್ನಾ?" ಅಂದರು. ಹೊಡೆದರು. ಬಾಲ್ ಮೊದಲಿಗಿಂತ ಎತ್ತರ ಎದ್ದು ಹೋಯಿತು. ಏನೂ ಮಾತಾಡದೆ ಇನ್ನೊಂದು ಬಾಲ್ ಇಟ್ಟುಕೊಂಡರು. ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆ ತಿಂತಾ "ಆ ಸೀನಿಯರ್ ಅನ್ನೋ ಸ್ಟಿಕ್ಕರ್ ಕಿತ್ತು ಕೊಡ್ತಾರಾ ಕೇಳು" ಅಂದರು.

ಕ್ಲಬ್ ಬದಲಾಯಿಸೋ ಖರ್ಚು ಬೇಡ ಅನ್ನೋರಿಗೆ ಒಂದು ಉಪಾಯ: ಹಿಡಿ ಬದಲಾಯಿಸಿ. ಕ್ಲಬ್ಬಿನ ರಬ್ಬರ್ ಗ್ರಿಪ್ ಬೆವರು, ಬಿಸಿಲು ತಿಂದು ಜಾರೋಕೆ ಶುರುವಾಗುತ್ತೆ, ಆಡೋರಿಗೆ ಅದು ನಿಧಾನವಾಗಿ ಆಗೋದರಿಂದ ಗೊತ್ತೇ ಆಗಲ್ಲ. ಗಟ್ಟಿಯಾಗಿ ಹಿಡೀತಾ ಹೋಗ್ತಾರೆ, ಮೊಣಕೈ ನೋವು ಅಂತಾರೆ. ವಾರಕ್ಕೆ ಎರಡು ಮೂರು ದಿನ ಆಡೋರಿಗೆ ವರ್ಷಕ್ಕೊಂದು ಸಲ ಬದಲಾಯಿಸಬೇಕು. ಅವರು ಊರಲ್ಲಿಲ್ಲದ ದಿನ ನೋಡಿ ಕ್ಲಬ್ಬನ್ನೆಲ್ಲ ಅಂಗಡಿಗೆ ಕೊಟ್ಟರೆ ಹಳೇದು ಕತ್ತರಿಸಿ, ಟೇಪ್ ಸುತ್ತಿ, ಹೊಸದು ತೂರಿಸಿ ಕೊಡ್ತಾರೆ, ಒಂದು ದಿನ ಒಣಗಿದರೆ ಆಯಿತು. ಹಳೇದರ ದಪ್ಪ ಎಷ್ಟಿತ್ತೋ ಅಷ್ಟೇ ಹಾಕಿಸಿ. ಪಟರಿನ (ಗ್ರೀನ್ ಮೇಲೆ ಬಾಲನ್ನು ಗುಂಡಿಗೆ ಉರುಳಿಸೋ ಕ್ಲಬ್) ಹಿಡಿ ಮಾತ್ರ ಮುಟ್ಟಬೇಡಿ, ಅದು ಅವರವರ ನಂಬಿಕೆಯ ವಿಷಯ.

ಪಟರ್ ಅಂದಾಗ ನೆನಪಾಯಿತು. ಎಲ್ಲರಿಗೂ ದೂರ ಹೊಡೆಯೋ ಹುಚ್ಚು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ, ಅದು ನಡೆದಿದ್ದು 2021ರಲ್ಲಿ, ನಾಲ್ಕನೇ ಸ್ಥಾನಕ್ಕೆ ಬಂದಾಗ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಬೆಳಗ್ಗೆ ಎದ್ದು ಟಿವಿ ಮುಂದೆ ಕೂತಿದ್ದರು. ಒಂದೇ ಒಂದು ಹೊಡೆತದಲ್ಲಿ ಪದಕ ಕೈತಪ್ಪಿತು. ಅವರ ಬ್ಯಾಗ್ ಹೊತ್ತಿದ್ದು ಅವರಮ್ಮ. ಅದಿತಿ ದೂರ ಹೊಡೆಯೋರಲ್ಲ, ಜೊತೆಯಲ್ಲಿ ಆಡ್ತಿದ್ದವರೆಲ್ಲ ಅವರಿಗಿಂತ ಎಷ್ಟೋ ಮುಂದೆ ಹೊಡೀತಿದ್ದರು. ಅವರು ಅಷ್ಟು ದೂರ ಬಂದಿದ್ದು ಗ್ರೀನ್ ಮೇಲಿನ ಆಟದಿಂದ. ಹಾಗಾಗಿ ಡ್ರೈವರಿಗೆ ಇಟ್ಟ ದುಡ್ಡಿನಲ್ಲಿ ಕಾಲುಭಾಗ ಹಾಕಿ ಒಂದು ಪಟಿಂಗ್ ಮ್ಯಾಟ್ ತಗೊಳ್ಳಿ. ನಡುಮನೆಯಲ್ಲಿ ಹಾಸೋಕೆ ಎಂಟು ಹತ್ತು ಅಡಿ ಉದ್ದದ್ದು ಸಾಕು. ಅದರ ಜೊತೆ ಬರೋ ಪ್ಲಾಸ್ಟಿಕ್ ಗುಂಡಿ ನಮ್ಮ ಮನೇಲಿ ಎರಡು ದಿನಕ್ಕೆ ಮುರೀತು. ಈಗ ಸ್ಟೀಲ್ ಲೋಟವನ್ನೇ ಅಡ್ಡ ಮಲಗಿಸ್ತಾರೆ. ನಿಜವಾದ ಗುಂಡಿಯ ಅಗಲ 108 ಮಿಲಿಮೀಟರ್, ಕಾಫಿ ಲೋಟದ ಬಾಯಿ ಅದಕ್ಕಿಂತ ಚಿಕ್ಕದು, ಇದಕ್ಕೆ ಹೊಡೆದು ಅಭ್ಯಾಸ ಆದರೆ ಅಲ್ಲಿ ಗುಂಡಿ ಬಾವಿಯ ಥರ ಕಾಣುತ್ತೆ ಅಂತಾರೆ ಮಾವ. ರಾತ್ರಿ ಊಟ ಆದ ಮೇಲೆ ಠಣ್ ಠಣ್ ಅಂತ ಸದ್ದು ಕೇಳ್ತಾ ಇರುತ್ತೆ. ಕೆಳಗಿನ ಮನೆಯವರು ಒಂದೆರಡು ಸಲ ಬಂದು ಕೇಳಿಯೂ ಹೋಗಿದ್ದಾರೆ.

ಶೂ ಕೊಡಬಹುದು, ಆದರೆ ಕರಕೊಂಡು ಹೋಗಿ ಹಾಕಿಸಿ ನೋಡಿ. ಬೆಳಗಿನ ಇಬ್ಬನಿಗೆ ಹುಲ್ಲು ತೊಯ್ದಿರುತ್ತೆ, ನೀರು ಒಳಗೆ ಇಳಿಯದ ಶೂ ಇಲ್ಲದಿದ್ದರೆ ಮೂರನೇ ಗುಂಡಿ ಮುಟ್ಟೋ ಹೊತ್ತಿಗೆಲ್ಲ ಕಾಲುಚೀಲ ಒದ್ದೆ. ಕೆಳಗೆ ಬಿಚ್ಚಿ ಹಾಕೋ ಪ್ಲಾಸ್ಟಿಕ್ ಮುಳ್ಳಿರೋದು ಮಳೆಗಾಲಕ್ಕೆ ಚೆನ್ನ, ಮುಳ್ಳಿಲ್ಲದ ರಬ್ಬರ್ ಗುಬುಟಿನದು ಹಾಕಿಕೊಂಡೇ ಕಾರ್ ಓಡಿಸಬಹುದು, ತರಕಾರಿಗೂ ಹೋಗಬಹುದು. ಟೀ ಶರ್ಟ್ ಕೊಟ್ಟರೆ ಕಾಲರ್ ಇರೋದೇ ಕೊಡಿ, ಬಹಳಷ್ಟು ಗಾಲ್ಫ್ ಕ್ಲಬ್ಬಿನಲ್ಲಿ ಕಾಲರ್ ಇಲ್ಲದಿದ್ದರೆ, ಜೀನ್ಸ್ ಹಾಕಿದ್ದರೆ ಒಳಗೇ ಬಿಡಲ್ಲ. ಎದೆ ಮೇಲೆ ಗಾಲ್ಫ್ ಜೋಕ್ ಬರೆದಿರೋದು ಬೇಡವೇ ಬೇಡ. ಛತ್ರಿ ಒಳ್ಳೆ ಗಿಫ್ಟ್, ಎರಡು ಪದರದ್ದು ಕೇಳಿ, ಗಾಳಿ ಮೇಲಿನ ಪದರದ ಸಂದಿಯಲ್ಲಿ ಹೊರಗೆ ಹೋಗುತ್ತೆ, ಉಲ್ಟಾ ಆಗಲ್ಲ. ಗುಡುಗು ಸಿಡಿಲಿಗೆ ಮಾತ್ರ ಯಾವ ಛತ್ರಿಯೂ ಆಗಲ್ಲ, ಬಯಲಲ್ಲಿ ಕಬ್ಬಿಣದ ಕೋಲು ಹಿಡಿದು ನಿಲ್ಲೋ ಆಟ ಇದು, ಆಟ ನಿಲ್ಲಿಸಿ ಒಳಗೆ ಬರಬೇಕು.

ಬ್ಯಾಗ್ ಕೊಡೋರು ತೂಕ ನೋಡಿ. ಟಿವಿಯಲ್ಲಿ ಕಾಣೋ ದೊಡ್ಡ ಬ್ಯಾಗ್ ಚೆಂದ ಕಾಣುತ್ತೆ. ಹೊರೋದು ಕ್ಯಾಡಿ. ಕಾಲು ಚಾಚಿ ನಿಲ್ಲೋ ಸ್ಟ್ಯಾಂಡ್ ಬ್ಯಾಗ್ ಎರಡು ಎರಡೂವರೆ ಕೇಜಿ ಇರುತ್ತೆ, ಅದು ಸಾಕು.

ದೂರ ಅಳೆಯೋ ಲೇಸರ್ ಯಂತ್ರ ಬಜೆಟ್ ಇದ್ದರೆ ಕೊಡಬಹುದು, ದುರ್ಬೀನಿನ ಥರ ಕಣ್ಣಿಗಿಟ್ಟು ಗುಂಡಿಯಲ್ಲಿ ನಿಲ್ಲಿಸಿರೋ ಬಾವುಟದ ಕಡೆ ನೋಡಿದರೆ ಇಷ್ಟು ಗಜ ಅಂತ ತೋರಿಸುತ್ತೆ. ಏರು ತಗ್ಗಿನ ಲೆಕ್ಕ ಹಾಕೋ ಸ್ಲೋಪ್ ಅನ್ನೋ ಬಟನ್ ಇದ್ದರೆ ಅದನ್ನು ಆಫ್ ಮಾಡೋಕೆ ಬರಬೇಕು. ಪಂದ್ಯದಲ್ಲಿ ಅದನ್ನು ಬಳಸೋ ಹಾಗಿಲ್ಲ. ಕೈ ನಡುಗೋ ವಯಸ್ಸಾದವರಿಗೆ ಲೇಸರಿಗಿಂತ ಕೈಗೆ ಕಟ್ಟೋ ಜಿಪಿಎಸ್ ವಾಚ್ ಸಲೀಸು. ತಗೊಳ್ಳೋ ಮುಂಚೆ ಅವರು ದಿನಾ ಆಡೋ ಕೋರ್ಸಿನ ನಕ್ಷೆ ಅದರಲ್ಲಿ ಇದೆಯಾ ಅಂತ ನೋಡ್ಕೊಳ್ಳಿ, ಬೇರೆ ದೇಶದ್ದೆಲ್ಲ ಇದ್ದು ಮೈಸೂರಿನದು ಇಲ್ಲದಿದ್ದರೆ ಅದು ಟೈಮ್ ನೋಡೋಕಷ್ಟೇ.

ಹೊಸದಾಗಿ ಶುರು ಮಾಡೋರಿಗೆ ಪೂರ್ತಿ ಸೆಟ್ ಬೇಡ, ಈ ಏಳು ಕ್ಲಬ್ ಸಾಕು. ಒಂದು ಫೇರ್‌ವೇ ವುಡ್, ಒಂದು ಹೈಬ್ರಿಡ್, 7 ಮತ್ತು 9ನೇ ನಂಬರ್ ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟರ್. ನಾನು ಎರಡು ವರ್ಷ ಇಷ್ಟರಲ್ಲೇ ಆಡಿದೆ, ಏನೂ ಕಡಿಮೆ ಆಗಲಿಲ್ಲ. ಅದಕ್ಕೂ ಮುಂಚೆ ಹತ್ತು ಕ್ಲಾಸಿನ ಫೀಸ್ ಕಟ್ಟಿ ಕೊಡಿ. ಹೆಂಗಸರಿಗೆ ಅಂತ ಗುಲಾಬಿ ಬಣ್ಣದ ಸೆಟ್ ತರೋರಿಗೆ ಒಂದು ಮಾತು: ನಾನು ಐದಡಿ ಏಳಿಂಚು ಇದ್ದೀನಿ, ಲೇಡೀಸ್ ಸೆಟ್ ಹಿಡಿದರೆ ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಎತ್ತರ ನೋಡಿ, ಬಣ್ಣ ಅಲ್ಲ. ಮಕ್ಕಳಿಗೆ ಅಪ್ಪನ ಹಳೇ ಕ್ಲಬ್ಬನ್ನು ಕತ್ತರಿಸಿ ಕೊಡೋದೂ ತಪ್ಪು, ಉದ್ದ ಕಡಿಮೆಯಾದರೂ ತಲೆಯ ತೂಕ ಅಷ್ಟೇ ಇರುತ್ತೆ, ದಂಡ ಇನ್ನೂ ಗಟ್ಟಿಯಾಗುತ್ತೆ, ಮಗುವಿನ ಕೈಗೆ ಅದು ಒನಕೆ. ಮಕ್ಕಳ ಅಳತೆಯದೇ ಸಿಗುತ್ತೆ, ಡೆಕಾಥ್ಲಾನ್‌ನವರ ಇನೆಸಿಸ್ ಅನ್ನೋ ಬ್ರ್ಯಾಂಡಿನಲ್ಲಿ ಬಿಡಿ ಬಿಡಿಯಾಗಿಯೂ ತಗೋಬಹುದು.

ಆನ್‌ಲೈನಿನಲ್ಲಿ ದೊಡ್ಡ ಹೆಸರಿನ ಸೆಟ್ ಕಾಲುಬೆಲೆಗೆ ಸಿಕ್ಕರೆ ಮುಟ್ಟಬೇಡಿ. ನಾನು ಒಂದು ವೆಡ್ಜ್ ತರಿಸಿ ಕೈ ಸುಟ್ಟುಕೊಂಡಿದ್ದೀನಿ, ಎರಡನೇ ತಿಂಗಳಲ್ಲಿ ತಲೆ ಕಳಚಿ ಬಾಲಿಗಿಂತ ಮುಂದೆ ಹೋಗಿ ಬಿತ್ತು. ಪುಣ್ಯಕ್ಕೆ ಮುಂದೆ ಯಾರೂ ಇರಲಿಲ್ಲ.

ಎಲ್ಲ ಇದ್ದವರಿಗೆ ಏನು ಕೊಡೋದು ಅಂತ ಕೇಳ್ತಾರೆ. ಅಂಥವರಿಗೆ ಬೇರೆ ಊರಿನ ಒಂದು ಆಟ ಕೊಡಿ. ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್ ಅನ್ನೋ ಗಾಲ್ಫ್ ಕೋರ್ಸ್ ಇದೆ, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿದೆ, ಚಿಕ್ಕಮಗಳೂರಿನಲ್ಲಿದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು, ಊರಿನ ಮಧ್ಯದಲ್ಲೇ ಅಷ್ಟು ಹಳೇ ಕೋರ್ಸಿನಲ್ಲಿ ಆಡೋದು ಅಂದರೆ ಎಷ್ಟೋ ಜನರಿಗೆ ಆಸೆ. ಮೆಂಬರ್ ಅಲ್ಲದವರಿಗೆ ಯಾವ ದಿನ ಬಿಡ್ತಾರೆ, ಮೆಂಬರ್ ಜೊತೆಗೇ ಬರಬೇಕಾ, ಫೀಸ್ ಎಷ್ಟು ಅಂತ ಮೊದಲೇ ಫೋನ್ ಮಾಡಿ ಕೇಳಿ, ಒಂದೊಂದು ಕಡೆ ಒಂದೊಂದು ಥರ. ವಾರದ ದಿನ ಹೋದರೆ ಸಾಮಾನ್ಯವಾಗಿ ಕಡಿಮೆ. ನಾವು ಮಾವನ ಎಪ್ಪತ್ತನೇ ವರ್ಷಕ್ಕೆ ಮಡಿಕೇರಿಗೆ ಕರಕೊಂಡು ಹೋದೆವು. ಮಂಜು ಬಿದ್ದು ಎರಡು ಗಂಟೆ ಏನೂ ಕಾಣಲಿಲ್ಲ. ಕಾಫಿ ಕುಡೀತಾ ಕೂತಿದ್ದರು, ಅಷ್ಟು ಖುಷಿಯಾಗಿ ಕೂತಿದ್ದನ್ನು ನಾನು ಕಂಡೇ ಇರಲಿಲ್ಲ.

ಒಂದು ಬಿಟ್ಟುಹೋಯಿತು. ಆ ರೂಪಾಯಿ ನಾಣ್ಯದ ಬದಲಿಗೆ ಅಂತ ಅಯಸ್ಕಾಂತದ ಮಾರ್ಕರ್ ಒಂದು ತಂದಿದ್ದೆ, ಅವರ ಹೆಸರು ಕೆತ್ತಿಸಿ. ಅದು ಈಗ ನಮ್ಮ ಫ್ರಿಜ್ ಮೇಲೆ ಗ್ಯಾಸ್ ಬಿಲ್ ಹಿಡ್ಕೊಂಡಿದೆ. ನಾಣ್ಯ ಬ್ಯಾಗಿನಲ್ಲೇ ಇದೆ. ಅದು ಅವರು ಮೊದಲ ಸಲ ನೂರು ಹೊಡೆತದ ಒಳಗೆ ಆಟ ಮುಗಿಸಿದ ದಿನ ಜೇಬಿನಲ್ಲಿ ಇದ್ದದ್ದಂತೆ, ನನಗೆ ಗೊತ್ತಾಗಿದ್ದು ಆಮೇಲೆ. ಬ್ಯಾಗಿನಲ್ಲಿ ಸವೆದದ್ದು, ಹಳೇದು ಕಂಡ ತಕ್ಷಣ ಹೊಸದು ತರೋಕೆ ಓಡಬೇಡಿ, ಮೊದಲು ಯಾಕೆ ಇಟ್ಟುಕೊಂಡಿದ್ದಾರೆ ಅಂತ ಕೇಳಿ.

ಹಾಗೇ ಕ್ಯಾಡಿಗೂ ಏನಾದರೂ ತಗೊಳ್ಳಿ, ನಿಮಗೆ ಐಡಿಯಾ ಕೊಟ್ಟವರಲ್ವಾ. ಸ್ವೀಟ್ ಬಾಕ್ಸ್ ಎಲ್ಲರೂ ಕೊಡ್ತಾರೆ, ದೀಪಾವಳಿಗೆ ಅವರ ಮನೇಲಿ ಹತ್ತು ಬಾಕ್ಸ್ ಇರುತ್ತೆ. ಒಂದು ಒಳ್ಳೆ ಮಳೆ ಜಾಕೆಟ್, ಇಲ್ಲಾ ನೀರು ಇಳಿಯದ ಶೂ. ಸೈಜ್ ಅವರನ್ನೇ ಕೇಳಿ, ನನ್ನ ಗ್ಲೌಸಿನ ಥರ ಆಗೋದು ಬೇಡ.